ತಲೆಯ ಗೆಡ್ಡೆ ಮೈಗಿಳಿದಾಗ

ಮೆದುಳಿನ ಗೆಡ್ಡೆಗಳ ಬಯಾಪ್ಸಿ ನೋಡಿ ವರದಿ ಕೊಡುವುದು ನನ್ನ ಕೆಲಸ. ಆಪರೇಷನ್ ಥಿಯೇಟರಿನಿಂದ ಬಂದ ತುಣುಕು ಮೇಣದ ಬ್ಲಾಕಾಗಿ, ಗಾಜಿನ ಸ್ಲೈಡಾಗಿ ನನ್ನ ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ. ರೋಗಿಗಳನ್ನು ನೇರವಾಗಿ ನೋಡುವುದು ಕಡಿಮೆ. ವರದಿಗಾಗಿ ಲ್ಯಾಬಿನ ಕಿಟಕಿಯ ಬಳಿ ಕಾಯುವ ಮನೆಯವರನ್ನು ಮಾತ್ರ ದಿನವೂ ನೋಡುತ್ತೇನೆ. ಅವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: “ಮೇಡಂ, ಇದು ಮೈಗೆಲ್ಲ ಹರಡುತ್ತಾ?”

ಸಾಮಾನ್ಯವಾಗಿ ಇಲ್ಲ ಎನ್ನುತ್ತೇನೆ. ಆ ‘ಸಾಮಾನ್ಯ’ದ ಆಚೆ ಉಳಿಯುವ ಕೆಲವರ ಬಗ್ಗೆ ಈ ಬರಹ. ಅವರ ಸಂಖ್ಯೆ ತೀರ ಸಣ್ಣದು. ಹಾಗೆ ಸಣ್ಣದಾಗಿರುವುದರಿಂದಲೇ ಅವರ ಕಾಯಿಲೆ ಯಾರಿಗೂ ಹೊಳೆಯದೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದಾಗುತ್ತದೆ. ಕಿರಿಯ ವೈದ್ಯರಿಗೂ, ಮನೆಯಲ್ಲಿ ಇಂಥ ರೋಗಿ ಇರುವವರಿಗೂ ನೆರವಾದೀತೆಂದು, ಈ ಕೆಲಸ ನನಗೆ ಕಲಿಸಿದ್ದನ್ನು ಬರೆಯುತ್ತಿದ್ದೇನೆ.

1. ಎಲ್ಲಿಂದ ಎಲ್ಲಿಗೆ ಎಂದು ಮೊದಲು ಕೇಳಬೇಕು

ಮೆದುಳಿನ ಗೆಡ್ಡೆ ಎಂದಾಗ ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾಡಿಕೊಳ್ಳುತ್ತಾರೆ. ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿದ ಕ್ಯಾನ್ಸರ್ ರಕ್ತದ ಮೂಲಕ ಮೆದುಳಿಗೆ ಏರುವುದು ಒಂದು. ಇದು ಬಹಳ ಸಾಮಾನ್ಯ. ದೊಡ್ಡವರಲ್ಲಿ ಮೆದುಳಲ್ಲೇ ಹುಟ್ಟುವ ಕ್ಯಾನ್ಸರಿಗಿಂತ ಹೀಗೆ ಬೇರೆಡೆಯಿಂದ ಬಂದು ನೆಲೆಸುವುದೇ ಹೆಚ್ಚು. ಮೆದುಳಲ್ಲಿ ಹುಟ್ಟಿದ್ದು ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ತೇಲಿ, ಅದೇ ಆವರಣದೊಳಗೆ ಇನ್ನೊಂದು ಕಡೆ ಬೇರೂರುವುದು ಎರಡನೆಯದು. ಮಕ್ಕಳ ಮೆಡುಲೋಬ್ಲಾಸ್ಟೋಮಾ ಹೀಗೆ ಮಾಡುವುದು ಹೆಚ್ಚು. ಮೆದುಳಲ್ಲಿ ಹುಟ್ಟಿದ್ದು ಆ ಆವರಣವನ್ನೇ ದಾಟಿ ಕುತ್ತಿಗೆಯ ಗಂಟು, ಶ್ವಾಸಕೋಶ, ಮೂಳೆ, ಯಕೃತ್ತು ಇಂಥ ಕಡೆ ಸೇರುವುದು ಮೂರನೆಯದು. ನಾನು ಹೇಳಹೊರಟಿರುವುದು ಇದನ್ನೇ.

ದೊಡ್ಡವರಲ್ಲಿ ಅತ್ಯಂತ ಉಗ್ರವಾದ ಗ್ಲಯೋಬ್ಲಾಸ್ಟೋಮಾವನ್ನೇ ತೆಗೆದುಕೊಂಡರೂ ಈ ಮೂರನೆಯ ಬಗೆ 100 ರೋಗಿಗಳಲ್ಲಿ ಇಬ್ಬರಿಗಿಂತ ಕಡಿಮೆ ಜನರಲ್ಲಿ ಕಾಣುತ್ತದೆ. ಹಲವು ವರದಿಗಳ ಪ್ರಕಾರ 200ಕ್ಕೆ ಒಬ್ಬರು. ಮೆದುಳಿನ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾದಲ್ಲಿ ಇನ್ನೂ ಕಡಿಮೆ, ಸುಮಾರು 1000ಕ್ಕೆ ಒಬ್ಬರು. ಹಾಗಾಗಿ ತಲೆಯಲ್ಲೊಂದು, ಶ್ವಾಸಕೋಶದಲ್ಲೊಂದು ಗೆಡ್ಡೆ ಒಟ್ಟಿಗೇ ಕಂಡ ಹೊಸ ರೋಗಿ ಬಂದರೆ, ಶ್ವಾಸಕೋಶದ್ದು ತಲೆಗೇರಿದೆ ಎಂದು ಮೊದಲು ಯೋಚಿಸುವುದೇ ಸರಿ. ಅಪರೂಪದ್ದನ್ನು ಓದಿಕೊಂಡ ಉತ್ಸಾಹದಲ್ಲಿ ಸಾಮಾನ್ಯವಾದದ್ದನ್ನು ಮರೆಯುವ ಕಿರಿಯರನ್ನೂ ಕಂಡಿದ್ದೇನೆ. ಮೂರನೆಯ ಬಗೆ ನೆನಪಿಗೆ ಬರಬೇಕಾದದ್ದು ತಲೆಯ ಗೆಡ್ಡೆಯ ರೋಗನಿರ್ಣಯ ಹಿಂದೆಯೇ ಆಗಿರುವವರಲ್ಲಿ.

2. ಜೀವಕೋಶ ಹೊರಬರುತ್ತದೆ, ಬೇರು ಬಿಡುವುದಿಲ್ಲ

ನಾನು ಓದುವಾಗ ಕಲಿತ ಕಾರಣಗಳು ಸರಳವಾಗಿದ್ದವು. ಮೆದುಳಿನಲ್ಲಿ ದುಗ್ಧನಾಳಗಳಿಲ್ಲ. ಸುತ್ತಲೂ ಗಟ್ಟಿ ಪೊರೆ. ಒಳಗಿನ ಅಭಿಧಮನಿಗಳ ಗೋಡೆ ತೆಳು. ಗೆಡ್ಡೆ ಒಳನುಗ್ಗುವ ಮೊದಲೇ ಒತ್ತಡಕ್ಕೆ ಮುಚ್ಚಿಹೋಗುತ್ತವೆ. ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿಯಾದ ತಡೆ. ಇದಕ್ಕೆಲ್ಲ ಮೇಲಾಗಿ, ರೋಗಿ ಬದುಕುವ ಅವಧಿಯೇ ಗಿಡ್ಡ.

ಈ ಚಿತ್ರದ ಅರ್ಧ ಭಾಗ ಈಗ ಬದಲಾಗಿದೆ. 2014ರಲ್ಲಿ ಜರ್ಮನಿಯ ತಂಡವೊಂದು 141 ಗ್ಲಯೋಬ್ಲಾಸ್ಟೋಮಾ ರೋಗಿಗಳ ರಕ್ತ ಪರೀಕ್ಷಿಸಿ, ಅವರಲ್ಲಿ 29 ಮಂದಿಯ ರಕ್ತದಲ್ಲಿ ಗೆಡ್ಡೆಯ ಜೀವಕೋಶಗಳು ಓಡಾಡುತ್ತಿರುವುದನ್ನು ತೋರಿಸಿತು. ಅದೇ ವರ್ಷ ಅಮೆರಿಕದ ಬಾಸ್ಟನ್ನಿನ ತಂಡ ಬೇರೆ ವಿಧಾನದಲ್ಲಿ 33 ಮಂದಿಯಲ್ಲಿ 13 ಮಂದಿಗೆ ಹೀಗಿದೆ ಎಂದಿತು. ಮರುವರ್ಷ, 2015ರಲ್ಲಿ, ಅಮೆರಿಕದ ವರ್ಜೀನಿಯಾ ಮತ್ತು ಫಿನ್ಲೆಂಡಿನ ಹೆಲ್ಸಿಂಕಿಯ ಪ್ರಯೋಗಾಲಯಗಳು ಇಲಿಗಳಲ್ಲಿ ಮೆದುಳಿನ ಹೊರಪೊರೆಯ ದುಗ್ಧನಾಳಗಳು ಹೇಗೆ ಕೆಲಸ ಮಾಡುತ್ತವೆಂದು ವಿವರಿಸಿದವು. ಮೆದುಳಿನ ಸುತ್ತಲಿನ ದ್ರವ ಅವುಗಳ ಮೂಲಕ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ.

ಅಂದರೆ ದಾರಿ ಇದೆ, ದಾರಿಯಲ್ಲಿ ಹೋಗುವವರೂ ಇದ್ದಾರೆ. ಆದರೂ 100ರಲ್ಲಿ 98 ಜನರಿಗೆ ಮೈಯಲ್ಲಿ ಏನೂ ಆಗುವುದಿಲ್ಲ. ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಸ್ತನ ಕ್ಯಾನ್ಸರಿನ ಬಗ್ಗೆ ಬರೆಯುತ್ತ ಬೀಜ ಎಲ್ಲ ಕಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲಷ್ಟೇ ಮೊಳೆಯುತ್ತದೆ ಎಂಬ ವಾದ ಮುಂದಿಟ್ಟಿದ್ದರು. ಮೆದುಳಿನ ಗೆಡ್ಡೆಗಳಿಗೆ ಆ ಮಾತು ಇನ್ನೂ ಚೆನ್ನಾಗಿ ಹೊಂದುತ್ತದೆ. ನರತಂತುಗಳ ಗುಂಟ ತೆವಳಿ ಬೆಳೆಯುವ ಅಭ್ಯಾಸದ ಜೀವಕೋಶಕ್ಕೆ ಯಕೃತ್ತಿನ, ಮೂಳೆಯ ನೆಲ ಪರಕೀಯ. ಹೊರಗೆ ಬಂದ ಕೂಡಲೇ ದೇಹದ ರೋಗನಿರೋಧಕ ಪಡೆ ಅದನ್ನು ಗುರುತಿಸಿ ಕೊಲ್ಲುತ್ತದೆಂಬ ವಿವರಣೆಯೂ ಇದೆ. ಆ ಪಡೆಯನ್ನು ಔಷಧಿಯಿಂದ ತಗ್ಗಿಸಿದವರಲ್ಲಿ ಏನಾಗುತ್ತದೆಂದು ಅಂಗಾಂಗ ಕಸಿಯ ಮಾತು ಬಂದಾಗ ಹೇಳುತ್ತೇನೆ.

ಬದುಕುವ ಅವಧಿಯ ಮಾತಿಗೆ ಬಂದರೆ, 2005ರಲ್ಲಿ ವಿಕಿರಣದ ಜೊತೆ ಟೆಮೊಜೊಲೊಮೈಡ್ ಮಾತ್ರೆ ಕೊಡುವ ಪದ್ಧತಿ ಬಂತು. ಗ್ಲಯೋಬ್ಲಾಸ್ಟೋಮಾ ರೋಗಿಗಳಲ್ಲಿ ಎರಡು ವರ್ಷ ದಾಟುವವರು 100ಕ್ಕೆ ಸುಮಾರು 10 ಇದ್ದದ್ದು 26ರ ಆಸುಪಾಸಿಗೆ ಏರಿತು. ಹೆಚ್ಚು ಕಾಲ ಬದುಕುವವರು ಹೆಚ್ಚಿದಂತೆ, ಮೊದಲು ಕಾಣಿಸಿಕೊಳ್ಳಲು ಸಮಯವೇ ಸಿಗದ ಈ ಹರಡುವಿಕೆ ನಮ್ಮ ಮುಂದೆ ಬರುವುದೂ ಹೆಚ್ಚಬಹುದು. ಹೀಗಾಗಿಯೇ ಈ ವಿಷಯ ಗೊತ್ತಿರಬೇಕು ಎನ್ನುತ್ತೇನೆ.

3. ಫಾರಂನ ಖಾಲಿ ಜಾಗ

ಈ ಪಾಠವೊಂದನ್ನೇ ಬರೆದಿದ್ದರೂ ಸಾಕಿತ್ತು.

ಕುತ್ತಿಗೆಯಲ್ಲಿ ಗಂಟು ಎಂದರೆ ನಮ್ಮ ದೇಶದ ಯಾವ ವೈದ್ಯರಿಗಾದರೂ ಮೊದಲು ನೆನಪಾಗುವುದು ಕ್ಷಯ. ತಪ್ಪಲ್ಲ, ನಮ್ಮಲ್ಲಿ ಅದೇ ಹೆಚ್ಚು. ಹಾಗಾಗಿ ಸೂಜಿ ಪರೀಕ್ಷೆಗೆ, ಅಂದರೆ ಎಫ್‌ಎನ್‌ಎಸಿಗೆ ಬರೆದುಕೊಡುವ ಫಾರಂನಲ್ಲಿ ‘ಕುತ್ತಿಗೆ ಗಂಟು, ಟಿಬಿ ಇರಬಹುದೇ?’ ಎಂದಿರುತ್ತದೆ. ಹಿಂದಿನ ಕಾಯಿಲೆಗಳ ಕಾಲಂ ಖಾಲಿ.

ಹಾವೇರಿ ಕಡೆಯ ಒಬ್ಬ ಹೆಂಗಸಿಗೆ ಹೀಗೇ ಆಯಿತು. ಕಿವಿಯ ಕೆಳಗೆ, ದವಡೆಯ ಹಿಂದೆ ಗಂಟು. ಊರ ಹತ್ತಿರದ ಲ್ಯಾಬಿನಲ್ಲಿ ಸೂಜಿ ಹಾಕಿದಾಗ ಟಿಬಿ ಸಿಗಲಿಲ್ಲ. ಸಿಕ್ಕಿದ್ದು ವಿಕಾರವಾದ, ಒಂದಕ್ಕೊಂದು ಅಂಟದೆ ಚದುರಿದ ಕ್ಯಾನ್ಸರ್ ಜೀವಕೋಶಗಳು. ‘ಮೂಲ ಎಲ್ಲಿದೆ ಹುಡುಕಿ’ ಎಂದು ವರದಿ ಹೋಯಿತು. ಹುಡುಕಾಟ ಶುರುವಾಯಿತು: ಗಂಟಲಿನ ಎಂಡೋಸ್ಕೋಪಿ, ಎದೆಯ ಸ್ಕ್ಯಾನ್, ಹೊಟ್ಟೆಯ ಸ್ಕ್ಯಾನ್, ಥೈರಾಯ್ಡ್. ಎಲ್ಲಿಯೂ ಏನೂ ಇಲ್ಲ. ಹೊಲ ಒತ್ತೆಯಿಟ್ಟ ದುಡ್ಡು ಆ ಪರೀಕ್ಷೆಗಳಿಗೇ ಕರಗಿತು.

ನಮ್ಮಲ್ಲಿಗೆ ಬಂದಾಗ ಮತ್ತೊಮ್ಮೆ ಸೂಜಿ ಹಾಕಲು ನನ್ನ ಸಹೋದ್ಯೋಗಿ ಅವರನ್ನು ಕೂರಿಸಿಕೊಂಡು ಸೆರಗು ಸರಿಸಿದರು. ಕೂದಲಿನಡಿ ಕಿವಿಯ ಮೇಲಿನಿಂದ ಹಣೆಯವರೆಗೆ ಕಮಾನಿನ ಗಾಯದ ಗುರುತು. ಗಂಟು ಇದ್ದದ್ದು ಅದೇ ಪಕ್ಕದಲ್ಲಿ. ಕೇಳಿದರೆ ಮಗ ಹೇಳಿದ್ದು: “ತಲಿ ಆಪರೇಷನ್ ಆಗಿ ಎರಡು ವರ್ಷ ಆತ್ರಿ ಮೇಡಂ. ಅದು ತಲಿದು, ಇದು ಕುತ್ತಿಗಿದು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ರಿ.”

ಆ ಮಗ ಹೇಳಿದ್ದರಲ್ಲಿ ತರ್ಕವಿದೆ. ತಲೆಯದು ನರರೋಗದ ಆಸ್ಪತ್ರೆಯಲ್ಲಿ ಮುಗಿದ ಅಧ್ಯಾಯ. ಕುತ್ತಿಗೆಯದು ಕಿವಿ-ಮೂಗು-ಗಂಟಲಿನ ಡಾಕ್ಟರದು. ಆಸ್ಪತ್ರೆಗಳೇ ದೇಹವನ್ನು ಹೀಗೆ ಪಾಲು ಮಾಡಿಟ್ಟಿರುವಾಗ ರೈತನ ಮಗ ಅವೆರಡನ್ನೂ ಜೋಡಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಕೇಳುವ ಹೊಣೆ ನಮ್ಮದು. ಫಾರಂ ಖಾಲಿ ಬಂದರೆ ಸ್ಲೈಡ್ ನೋಡುವ ಮೊದಲು ಫೋನ್ ಮಾಡಿ ಕೇಳಬೇಕು. ಸೂಜಿ ಹಾಕುವವರು ರೋಗಿಯ ತಲೆಯನ್ನೂ ಕೈಯಾಡಿಸಿ ನೋಡಬೇಕು. ಅದಕ್ಕೆ ಖರ್ಚಿಲ್ಲ.

ಹಳೆಯ ಆಸ್ಪತ್ರೆಯಿಂದ ಬ್ಲಾಕ್ ತರಿಸಿದೆವು. ಎರಡು ಸ್ಲೈಡುಗಳನ್ನು ಅಕ್ಕಪಕ್ಕ ಇಟ್ಟಾಗ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

4. ಬಣ್ಣದ ಪರೀಕ್ಷೆಗಳೂ ದಾರಿ ತಪ್ಪಿಸುತ್ತವೆ

ಇದು ನನ್ನಂಥವರಿಗಾಗಿ. ಉಳಿದವರು ದಾಟಿ ಹೋದರೂ ನಷ್ಟವಿಲ್ಲ.

ಕ್ಯಾನ್ಸರ್ ಎಲ್ಲಿಂದ ಬಂತೆಂದು ತಿಳಿಯಲು ಇಮ್ಯುನೊ ಹಿಸ್ಟೋಕೆಮಿಸ್ಟ್ರಿ ಮಾಡುತ್ತೇವೆ. ಎಇ1/ಎಇ3 ಎಂಬ ಸೈಟೊಕೆರಾಟಿನ್ ಬಣ್ಣ ಹಿಡಿದರೆ ಕಾರ್ಸಿನೋಮಾ ಎಂದು ಬರೆಯುವುದು ರೂಢಿ. ಆದರೆ ಗ್ಲಯೋಮಾ ಜೀವಕೋಶಗಳೂ ಈ ಬಣ್ಣ ಹಿಡಿಯುತ್ತವೆ. ಕುತ್ತಿಗೆಯ ಗಂಟಿನಲ್ಲಿ ಕೆರಾಟಿನ್ ಕಂಡಾಕ್ಷಣ ಕಾರ್ಸಿನೋಮಾ ಎಂದು ಮುಗಿಸಿದರೆ ಗ್ಲಯೋಬ್ಲಾಸ್ಟೋಮಾ ಅಲ್ಲೇ ಅಡಗಿ ಉಳಿಯುತ್ತದೆ. ತದ್ವಿರುದ್ಧವಾಗಿ, ಗ್ಲಯೋಮಾದ ಗುರುತೆಂದು ನಂಬುವ ಜಿಎಫ್‌ಎಪಿ ಲಾಲಾರಸ ಗ್ರಂಥಿಯ ಕೆಲವು ಗೆಡ್ಡೆಗಳಲ್ಲೂ ಇರುತ್ತದೆ. ಗಂಟು ಕಿವಿಯ ಬಳಿಯೇ ಇದ್ದಾಗ ಇದು ದೊಡ್ಡ ತೊಡಕು. ಎಸ್100 ಮೆಲನೋಮಾದಲ್ಲೂ ಸಿಗುತ್ತದೆ. ಆದ್ದರಿಂದ ಒಲಿಗ್2 ಜೊತೆಗಿರಬೇಕು. ಐಡಿಎಚ್1 ರೂಪಾಂತರ ಮೂಲ ಗೆಡ್ಡೆಯಲ್ಲಿ ಇದ್ದಿದ್ದರೆ ಹೊಸ ಗಂಟಿನಲ್ಲೂ ಅದನ್ನು ನೋಡಬೇಕು. ಗ್ಲಯೋಸಾರ್ಕೋಮಾ ಇದ್ದವರಲ್ಲಿ ಹರಡುವಿಕೆ ಉಳಿದವರಿಗಿಂತ ಹೆಚ್ಚು. ಅದರ ಸಾರ್ಕೋಮಾ ಭಾಗವಷ್ಟೇ ಗಂಟಿನಲ್ಲಿದ್ದರೆ ಜಿಎಫ್‌ಎಪಿ ಇಲ್ಲವೆಂಬ ಕಾರಣಕ್ಕೆ ಕೈಬಿಡಬಾರದು.

ಯಾವ ಬಣ್ಣವೂ ಹಳೆಯ ಸ್ಲೈಡಿಗೆ ಬದಲಿಯಲ್ಲ.

5. ವೈಸ್ ಕೇಳಿದ ನಾಲ್ಕು ಪ್ರಶ್ನೆ

ಗ್ಲಯೋಬ್ಲಾಸ್ಟೋಮಾ ತಲೆಯ ಹೊರಗೆ ಹರಡಿದ್ದನ್ನು ಮೊದಲು ವರದಿ ಮಾಡಿದವರಲ್ಲಿ ಷಿಕಾಗೋದ ನರಶಸ್ತ್ರಚಿಕಿತ್ಸಕ ಲಾಯಲ್ ಡೇವಿಸ್ ಒಬ್ಬರು, ಅದು 1928ರಲ್ಲಿ. ಬಹಳ ಕಾಲ ಹಲವರು ಇಂಥ ವರದಿಗಳನ್ನು ನಂಬಲಿಲ್ಲ. ಮೈಯಲ್ಲಿರುವುದೇ ಮೂಲ, ತಲೆಯದು ಅದರ ಕವಲು ಇರಬೇಕೆಂಬ ಅನುಮಾನ. 1955ರಲ್ಲಿ ವೈಸ್ ಎಂಬ ವೈದ್ಯರು ಬೆನ್ನುಹುರಿಯ ಕೆಳತುದಿಯ ನರಗುಚ್ಛದಲ್ಲಿ ಹುಟ್ಟಿ ಹೊರಗೆ ಹರಡಿದ ಎಪೆಂಡಿಮೋಮಾ ಒಂದನ್ನು ವಿವರಿಸುತ್ತ ನಾಲ್ಕು ಷರತ್ತು ಹಾಕಿದರು. ನರಮಂಡಲದಲ್ಲಿ ಖಚಿತ ಲಕ್ಷಣಗಳ ಒಂದೇ ಗೆಡ್ಡೆ ಇರಬೇಕು. ರೋಗದ ಮೊದಲ ಲಕ್ಷಣಗಳು ಅದರಿಂದಲೇ ಬಂದಿರಬೇಕು. ಪೂರ್ತಿ ಮರಣೋತ್ತರ ಪರೀಕ್ಷೆ ಮಾಡಿ ಬೇರೆ ಮೂಲ ಇಲ್ಲವೆಂದು ತೋರಿಸಬೇಕು. ಹರಡಿದ್ದರ ರೂಪ ಮೂಲದ ರೂಪಕ್ಕೆ ಹೊಂದಬೇಕು.

ಮೂರನೆಯ ಷರತ್ತು ಈಗ ಈಡೇರುವುದು ಅಪರೂಪ. ಅದರ ಸ್ಥಾನವನ್ನು ಪೆಟ್ ಸ್ಕ್ಯಾನ್ ಮತ್ತು ಜೀನ್ ಪರೀಕ್ಷೆಗಳು ತುಂಬಿವೆ: ಎರಡೂ ಕಡೆ ಒಂದೇ ರೂಪಾಂತರಗಳು, ಒಂದೇ ಕ್ರೋಮೋಸೋಮ್ ಏರುಪೇರು ಸಿಕ್ಕರೆ ಮೂಲ ಒಂದೇ ಎಂದು ಹೇಳಬಹುದು. ಆದರೂ ವೈಸ್ ಅವರ ಪ್ರಶ್ನೆಗಳನ್ನು ಇಂದಿಗೂ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಅಪರೂಪದ ರೋಗನಿರ್ಣಯ ಬರೆಯುವ ಮುನ್ನ ಅವಸರ ತಡೆಯಲು ಅವು ನೆರವಾಗುತ್ತವೆ.

ಮರಣೋತ್ತರ ಪರೀಕ್ಷೆ ನಿಂತುಹೋಗುತ್ತಿರುವುದು ನನ್ನ ನಿಜವಾದ ಚಿಂತೆ. ಯಾರೂ ನೋಡದ ಯಕೃತ್ತಿನಲ್ಲಿ, ಮೂಳೆಯಲ್ಲಿ ಏನಿತ್ತು ಎಂಬುದು ಸುಟ್ಟು ಅಥವಾ ಹೂಳಿ ಹೋಗುತ್ತದೆ. ನಮ್ಮ ಲೆಕ್ಕಗಳು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಬ್ಯಾಂಕ್ ಇದೆ, ಸಾರ್ವಜನಿಕರೂ ನೋಡಬಹುದಾದ ಮೆದುಳಿನ ಮ್ಯೂಸಿಯಂ ಇದೆ. ಮನೆಯವರು ದುಃಖದ ನಡುವೆಯೂ ಒಪ್ಪಿ ಕೊಟ್ಟದ್ದರಿಂದ ಕಟ್ಟಿದ ಸಂಗ್ರಹ ಅದು. ಅಲ್ಲಿಗೆ ಒಮ್ಮೆ ಹೋಗಿ ಬಂದವರು ಇಂಥ ದಾನದ ಬೆಲೆ ಏನೆಂದು ನನ್ನಿಂದ ಕೇಳಬೇಕಾಗಿಲ್ಲ.

6. ಮಗು ಕಾಲು ನೋವೆಂದರೆ

ಮೆಡುಲೋಬ್ಲಾಸ್ಟೋಮಾ ಮಕ್ಕಳ ಕಿರುಮೆದುಳಿನ ಗೆಡ್ಡೆ. ನರಮಂಡಲದ ಹೊರಗೆ ಹೋಗುವ ಚಟ ಇದಕ್ಕೆ ಗ್ಲಯೋಬ್ಲಾಸ್ಟೋಮಾಕ್ಕಿಂತ ಹೆಚ್ಚು: 100ಕ್ಕೆ 5ರ ಆಚೀಚೆ. 1969ರಲ್ಲಿ ಚಾಂಗ್ ಮತ್ತು ಜೊತೆಗಾರರು ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಎಂ4 ಎಂದರೆ ನರಮಂಡಲದ ಹೊರಗೆ ಹರಡಿದೆ ಎಂದರ್ಥ. ಹೊರಗೆ ಹೋದರೆ ಬಹುಪಾಲು ಸೇರುವುದು ಮೂಳೆಗೆ ಮತ್ತು ಮೂಳೆಯ ಮಜ್ಜೆಗೆ. ಆಮೇಲೆ ದುಗ್ಧಗ್ರಂಥಿ, ಯಕೃತ್ತು, ಶ್ವಾಸಕೋಶ.

ಚಿಕಿತ್ಸೆ ಮುಗಿಸಿ ಶಾಲೆಗೆ ಹೋಗಲಾರಂಭಿಸಿದ ಮಗು ಸೊಂಟ ನೋವು, ತೊಡೆ ನೋವು ಎನ್ನುತ್ತದೆ. ಆಟದಲ್ಲಿ ಬಿದ್ದಿರಬೇಕು, ಬೆಳೆಯುವ ನೋವು, ಶಾಲೆ ತಪ್ಪಿಸುವ ನೆಪ ಎಂಬ ಮಾತುಗಳು ಬರುತ್ತವೆ. ರಕ್ತದ ಎಣಿಕೆ ಇಳಿದಿದ್ದರೆ ಹಳೆಯ ಕೀಮೋ ಮತ್ತು ಬೆನ್ನಿಗೆ ಕೊಟ್ಟ ವಿಕಿರಣದ ಮೇಲೆ ಹಾಕುತ್ತಾರೆ. ಹಲವು ಬಾರಿ ಅದು ನಿಜವೂ ಹೌದು. ಆದರೆ ಎಣಿಕೆ ಏರಬೇಕಾದ ಸಮಯದಲ್ಲಿ ಏರದೆ ಉಳಿದರೆ, ನೋವು ಒಂದೇ ಕಡೆ ಹಿಡಿದು ರಾತ್ರಿ ಎಬ್ಬಿಸಿದರೆ, ಮಜ್ಜೆಯ ಪರೀಕ್ಷೆ ಮಾಡಿಸಲು ಹಿಂಜರಿಯಬಾರದು. ಎಕ್ಸ್‌ರೇಯಲ್ಲಿ ಮೂಳೆ ಸವೆದಂತೆ ಕಾಣಬಹುದು, ದಟ್ಟವಾದಂತೆಯೂ ಕಾಣಬಹುದು, ಏನೂ ಕಾಣದೆಯೂ ಇರಬಹುದು. ಮಜ್ಜೆಯಲ್ಲಿ ಸಣ್ಣ ನೀಲಿ ಜೀವಕೋಶಗಳ ಗುಂಪು ಸಿಕ್ಕಾಗ ಹಿಂದಿನ ಚರಿತ್ರೆ ಗೊತ್ತಿಲ್ಲದವರು ಲ್ಯುಕೇಮಿಯಾ, ನ್ಯೂರೋಬ್ಲಾಸ್ಟೋಮಾ ಎಂದು ಬೇರೆ ಹಾದಿ ಹಿಡಿಯುತ್ತಾರೆ.

ದೊಡ್ಡವರಲ್ಲಿ ಒಲಿಗೋಡೆಂಡ್ರೋಗ್ಲಯೋಮಾ ಹೀಗೆಯೇ ಮಜ್ಜೆಗೆ ಇಳಿದ ವರದಿಗಳಿವೆ. ಇವರು ವರ್ಷಗಳ ಕಾಲ ಆರಾಮಾಗಿದ್ದವರು. ಆದ್ದರಿಂದ ಬೆನ್ನು ನೋವಿಗೂ ರಕ್ತಹೀನತೆಗೂ ತಲೆಗೂ ನಂಟು ಕಲ್ಪಿಸಿಕೊಳ್ಳುವುದು ಕಷ್ಟ.

ತಾಯಂದಿರ ಮಾತನ್ನು ನಾನು ಬಹಳ ನಂಬುತ್ತೇನೆ. “ಇದು ಮೊದಲಿನ ಥರದ ನೋವಲ್ಲ” ಎಂದು ತಾಯಿ ಹೇಳಿದರೆ ಅದನ್ನು ಫಾರಂನಲ್ಲಿ ಹಾಗೆಯೇ ಬರೆದು ಕಳಿಸಿ.

7. ಶಂಟ್ ಮತ್ತು ಹೊಟ್ಟೆ

ಮೆದುಳಿನ ದ್ರವ ಹರಿಯಲು ದಾರಿ ಮುಚ್ಚಿದಾಗ ತಲೆಯಿಂದ ಚರ್ಮದಡಿಯಲ್ಲಿ ಹೊಟ್ಟೆಗೆ ನಳಿಕೆ ಹಾಕುತ್ತಾರೆ. ಅದೇ ವಿಪಿ ಶಂಟ್. ಆ ದ್ರವದಲ್ಲಿ ಗೆಡ್ಡೆಯ ಜೀವಕೋಶಗಳಿದ್ದರೆ ಅವೂ ಹೊಟ್ಟೆಗೆ ಬರಬಹುದು. ಮೆಡುಲೋಬ್ಲಾಸ್ಟೋಮಾ ಮತ್ತು ಜರ್ಮ್ ಸೆಲ್ ಗೆಡ್ಡೆಗಳಲ್ಲಿ ಇದು ದಾಖಲಾಗಿದೆ. ಒಂದು ಕಾಲದಲ್ಲಿ ನಳಿಕೆಗೆ ಸೋಸುವ ಜಾಲರಿ ಹಾಕಿ ನೋಡಿದರು. ಜಾಲರಿ ಕಟ್ಟಿಕೊಂಡು ಶಂಟ್ ನಿಲ್ಲುತ್ತಿತ್ತು, ಆ ಪದ್ಧತಿ ಕೈಬಿಟ್ಟರು.

ಇದನ್ನು ಓದಿ ಶಂಟ್ ಬೇಡ ಎನ್ನಬೇಡಿ. ತಲೆಯ ಒತ್ತಡ ಇಳಿಸದಿದ್ದರೆ ಜೀವ ಇಂದೇ ಹೋಗುತ್ತದೆ. ಹೊಟ್ಟೆಗೆ ಹರಡುವುದು ಅಪರೂಪದ ಸಾಧ್ಯತೆ. ಶಂಟ್ ಇರುವವರ ಹೊಟ್ಟೆ ಉಬ್ಬಿ ನೀರು ತುಂಬಿದರೆ, ತೆಗೆದ ನೀರಿನಲ್ಲಿ ಒಂದಷ್ಟನ್ನು ಸೈಟಾಲಜಿಗೂ ಕಳಿಸಿ, ಫಾರಂನಲ್ಲಿ ‘ಶಂಟ್ ಇದೆ, ಯಾವ ಗೆಡ್ಡೆಗೆ’ ಎಂದು ಬರೆಯಿರಿ. ಅಷ್ಟು ಸಾಕು.

8. ಹತ್ತು ವರ್ಷ ಕಳೆದ ಮೇಲೂ ಫೈಲ್ ಮುಚ್ಚಬಾರದು

ಗ್ಲಯೋಬ್ಲಾಸ್ಟೋಮಾ ಅವಸರದ ರೋಗ. ತೀರ ಸಾವಧಾನದವೂ ಇವೆ. ಮೆದುಳಿನ ಪೊರೆಯಲ್ಲಿ ಹುಟ್ಟುವ, ಹಿಂದೆ ಹಿಮ್ಯಾಂಜಿಯೋಪೆರಿಸೈಟೋಮಾ ಎನ್ನುತ್ತಿದ್ದ, 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಸಾಲಿಟರಿ ಫೈಬ್ರಸ್ ಟ್ಯೂಮರ್ ಎಂಬ ಒಂದೇ ಹೆಸರಿಗೆ ಬಂದಿರುವ ಗೆಡ್ಡೆ ಇಂಥದ್ದು. ತಲೆಯ ಆಪರೇಷನ್ ಆಗಿ ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳೆದು, ರೋಗಿ ಅದನ್ನು ಮರೆತೇ ಬಿಟ್ಟ ಮೇಲೆ, ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಮೂಳೆಯಲ್ಲೋ ಕಾಣಿಸಿಕೊಳ್ಳುತ್ತದೆ. ನರಮಂಡಲದ ಗೆಡ್ಡೆಗಳಲ್ಲಿ ಹೊರಗೆ ಹರಡುವುದು ಅಪರೂಪ ಎಂಬ ಮಾತು ಇದಕ್ಕೆ ಅನ್ವಯಿಸುವುದಿಲ್ಲ. 2013ರಲ್ಲಿ ಎನ್‌ಎಬಿ2 ಮತ್ತು ಸ್ಟಾಟ್6 ಎಂಬ ಎರಡು ಜೀನ್‌ಗಳು ಇದರಲ್ಲಿ ಬೆಸೆದುಕೊಂಡಿರುವುದು ಗೊತ್ತಾಯಿತು. ಅಂದಿನಿಂದ ಸ್ಟಾಟ್6 ಬಣ್ಣ ಹಚ್ಚಿ ಇದನ್ನು ಗುರುತಿಸುವುದು ನಮಗೆ ಸುಲಭವಾಗಿದೆ. ಕೆಲವರಲ್ಲಿ ಈ ಗೆಡ್ಡೆ ಇನ್ಸುಲಿನ್ನಿನಂತೆ ಕೆಲಸ ಮಾಡುವ ವಸ್ತುವನ್ನು ಉತ್ಪಾದಿಸಿ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ.

ಮೆನಿಂಜಿಯೋಮಾ ಹರಡುವುದು ಬಹಳ ಕಡಿಮೆ. ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ. ಸೂಕ್ಷ್ಮದರ್ಶಕದಲ್ಲಿ ಸಾಧುವಾಗಿ ಕಂಡ ಮೊದಲ ದರ್ಜೆಯದೂ ಹೀಗೆ ಮಾಡಿದ್ದಿದೆ. ‘ಐದು ವರ್ಷ ಆಯಿತು, ಗುಣವಾಯಿತು’ ಎಂಬ ಲೆಕ್ಕವನ್ನು ಬೇರೆ ಕ್ಯಾನ್ಸರಿನಿಂದ ತಂದು ಇವಕ್ಕೆ ಅಂಟಿಸಬಾರದು.

9. ಚಾಕು ತಾಗಿದರೆ ಹರಡುತ್ತದೆಯೇ

ಹಳ್ಳಿಯಲ್ಲೂ ಪೇಟೆಯಲ್ಲೂ ಈ ನಂಬಿಕೆ ಬಲವಾಗಿದೆ. ಇದಕ್ಕಾಗಿ ಬಯಾಪ್ಸಿಯನ್ನೇ ಬೇಡವೆಂದು ಹೊರಟುಹೋದವರಿದ್ದಾರೆ. ಆದ್ದರಿಂದ ಇರುವುದನ್ನು ಇರುವಂತೆ ಹೇಳಬೇಕು. ಹೊರಗೆ ಹರಡಿದವರಲ್ಲಿ ಬಹುಪಾಲಿಗೆ ಮೊದಲು ತಲೆಯ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಪೊರೆ ತೆರೆದಾಗ ಗೆಡ್ಡೆಗೆ ನೆತ್ತಿಯ ಚರ್ಮದ, ಸ್ನಾಯುವಿನ ರಕ್ತನಾಳಗಳ ಸಂಪರ್ಕ ಸಿಗುತ್ತದೆ. ಹೊಲಿಗೆಯ ಗುಂಟ, ಸೂಜಿ ಹೋದ ಜಾಡಿನಲ್ಲಿ ಬೆಳೆದ ಉದಾಹರಣೆಗಳೂ ಇವೆ. ಆದರೆ ಹರಡುವಷ್ಟು ಕಾಲ ಬದುಕಿದವರೆಲ್ಲ ಹೆಚ್ಚುಕಡಿಮೆ ಆಪರೇಷನ್ ಆದವರೇ. ಆಪರೇಷನ್ ಆಗದೆಯೇ ಹರಡಿದ ಪ್ರಕರಣಗಳೂ ದಾಖಲಾಗಿವೆ. ಆಪರೇಷನ್ನಿನಿಂದ ರೋಗಿಗೆ ಸಿಗುವುದು ತಿಂಗಳುಗಳು, ವರ್ಷಗಳು, ನಿಖರವಾದ ರೋಗನಿರ್ಣಯ. ಅದರ ಎದುರು ಈ ಅಪಾಯ ತೀರ ಚಿಕ್ಕದು. ನನ್ನ ಮನೆಯವರಿಗೇ ಬಂದರೂ ಮಾಡಿಸಿ ಎನ್ನುತ್ತೇನೆ. ಆಪರೇಷನ್ ಆದ ಜಾಗದ ಸುತ್ತ, ಕಿವಿಯ ಮುಂದೆ, ಅದೇ ಬದಿಯ ಕುತ್ತಿಗೆಯಲ್ಲಿ ಹೊಸ ಉಬ್ಬು ಕಂಡರೆ ಮಾತ್ರ ತೋರಿಸಿ.

10. ಅಂಗದಾನದ ಫಾರಂ ಮುಂದೆ ಕುಳಿತಾಗ

ರೋಗನಿರೋಧಕ ಶಕ್ತಿಯ ಮಾತು ಹೇಳಿದೆನಲ್ಲ, ಅದರ ಕಠೋರ ಪುರಾವೆ ಇಲ್ಲಿದೆ. ಗ್ಲಯೋಬ್ಲಾಸ್ಟೋಮಾ ಇದ್ದು ತೀರಿಕೊಂಡವರ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ ಪಡೆದ ಕೆಲವರಲ್ಲಿ ಅದೇ ಗೆಡ್ಡೆ ಬೆಳೆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ದಾನಿಯ ದೇಹದಲ್ಲಿ ಸದ್ದಿಲ್ಲದೆ ಇದ್ದ ಜೀವಕೋಶ, ಕಸಿ ಉಳಿಸಲು ನಿರೋಧಕ ಶಕ್ತಿ ತಗ್ಗಿಸಿದ ದೇಹದಲ್ಲಿ ಬೇರು ಬಿಟ್ಟಿತು. ಹಾಗಾಗಿ ಉಗ್ರ ದರ್ಜೆಯ ಗೆಡ್ಡೆ, ಹಿಂದಿನ ಆಪರೇಷನ್, ಶಂಟ್ ಇವೆಲ್ಲ ದಾನಿಯನ್ನು ಪರಿಶೀಲಿಸುವಾಗ ಎಣಿಕೆಗೆ ಬರುತ್ತವೆ. ಕಡಿಮೆ ದರ್ಜೆಯ ಗೆಡ್ಡೆ ಇದ್ದವರ ಅಂಗಗಳನ್ನು ಪಡೆಯುವುದುಂಟು. ಕಾಯುತ್ತಿರುವ ರೋಗಿಯ ಸ್ಥಿತಿ ತೂಗಿ ತೀರ್ಮಾನಿಸುತ್ತಾರೆ. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯ ಮೂಲಕ ಅಂಗದಾನ ನಡೆಯುತ್ತದೆ. ಸಂಯೋಜಕರು ಕೇಳಿದಾಗ ಎಷ್ಟೇ ಹಳೆಯ ತಲೆಯ ಆಪರೇಷನ್ ಇದ್ದರೂ ಹೇಳಿಬಿಡಿ. ಕಣ್ಣಿನ ಕಾರ್ನಿಯಾ ದಾನದ ನಿಯಮ ಬೇರೆ. ಅದನ್ನೂ ಅವರನ್ನೇ ಕೇಳಿ.

11. ಹರಡಿದೆ ಎಂದು ಗೊತ್ತಾದ ಮೇಲೆ

ಮೆದುಳಿನ ಗೆಡ್ಡೆ ಇರುವ ಎಲ್ಲರಿಗೂ ಮೈಯೆಲ್ಲ ಪೆಟ್ ಸ್ಕ್ಯಾನ್ ಮಾಡಿಸಬೇಕೆಂದು ನಾನು ಹೇಳುವುದಿಲ್ಲ. 200 ಜನರಿಗೆ ಮಾಡಿ ಒಬ್ಬರಲ್ಲಿ ಹುಡುಕುವುದು ಬಡವರ ದುಡ್ಡಿಗೆ ನ್ಯಾಯವಲ್ಲ. ಲಕ್ಷಣ ಇದ್ದಲ್ಲಿ ಹುಡುಕಬೇಕು: ಹೊಸ ಗಂಟು, ಬಿಡದ ಮೂಳೆ ನೋವು, ಕಾರಣವಿಲ್ಲದ ಕೆಮ್ಮು, ಏರದ ರಕ್ತದ ಎಣಿಕೆ.

ಗ್ಲಯೋಬ್ಲಾಸ್ಟೋಮಾ ಹೊರಗೆ ಹರಡಿದೆ ಎಂದಾದರೆ ಉಳಿದ ಕಾಲ ಹೆಚ್ಚಾಗಿ ತಿಂಗಳುಗಳ ಲೆಕ್ಕದ್ದು. ಅದನ್ನು ಮನೆಯವರಿಂದ ಮುಚ್ಚಿಡಬಾರದು. ಆದರೂ ಮಾಡುವುದಿದೆ. ನೋಯುವ ಮೂಳೆಗೆ ಕೆಲವೇ ದಿನಗಳ ವಿಕಿರಣ ಕೊಟ್ಟರೆ ಬಹಳ ಜನರಿಗೆ ನೋವು ಇಳಿಯುತ್ತದೆ. ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಅಗ್ಗ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಭಯಪಡುವಂಥದ್ದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವಿನ ಆರೈಕೆ ಸಿಗುತ್ತದೆ. ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಮೆಡುಲೋಬ್ಲಾಸ್ಟೋಮಾ ಇರುವ ಮಕ್ಕಳ ಕಥೆ ಬೇರೆ: ಮೂಳೆಗೆ ಇಳಿದ ಮೇಲೂ ಕೀಮೋಗೆ ಬಗ್ಗುವ ಸಾಧ್ಯತೆ ಇರುತ್ತದೆ. ಅಲ್ಲಿ ಬೇಗ ಗುರುತಿಸುವುದರಿಂದ ನಿಜವಾದ ಲಾಭವಿದೆ.

12. ಬ್ಲಾಕ್ ನಿಮ್ಮದು, ಕಾಪಾಡಿಕೊಳ್ಳಿ

ಮನೆಯವರಿಗೆ ನನ್ನ ಕಳಕಳಿಯ ಕೋರಿಕೆ ಇದು. ತಲೆಯ ಆಪರೇಷನ್ ಆದಾಗ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ವಿವರ, ಬಯಾಪ್ಸಿ ನಂಬರ್ ಇರುವ ವರದಿ ಇವನ್ನು ಒಂದೇ ಫೈಲಿನಲ್ಲಿಡಿ, ಫೋನಿನಲ್ಲೂ ಫೋಟೋ ತೆಗೆದಿಡಿ. ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಆಸ್ಪತ್ರೆಗಳು ಕೆಲವು ವರ್ಷ ಇಟ್ಟು ವಿಲೇವಾರಿ ಮಾಡುತ್ತವೆ. ಅರ್ಜಿ ಕೊಟ್ಟು ಕೇಳಿದರೆ ಕೊಡುತ್ತಾರೆ. ಬ್ಲಾಕನ್ನು ತಂಪಾದ, ನೆರಳಿನ ಜಾಗದಲ್ಲಿಡಿ. ರಾಯಚೂರಿನ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಮೇಣ ಮೆತ್ತಗಾಗಿ ಒಳಗಿನ ತುಣುಕು ಹಾಳಾಗುತ್ತದೆ.

ಮುಂದೆ ಯಾವ ಕಾಯಿಲೆಗೆ, ಯಾವ ಊರಿನ, ಯಾವ ವಿಭಾಗದ ವೈದ್ಯರ ಬಳಿ ಹೋದರೂ, ಅವರು ಕೇಳಲಿ ಬಿಡಲಿ, “ಇವರಿಗೆ ಇಂಥ ವರ್ಷ ತಲೆಯಲ್ಲಿ ಗೆಡ್ಡೆ ತೆಗೆದಿದ್ದಾರೆ” ಎಂಬುದನ್ನು ಮೊದಲ ಮಾತಾಗಿ ಹೇಳಿ. ಫಾರಂ ಬರೆಯುವ ವೈದ್ಯ ಮಿತ್ರರೇ, ಆ ಮಾತನ್ನು ದಯವಿಟ್ಟು ಹಿಂದಿನ ಕಾಯಿಲೆಯ ಕಾಲಂನಲ್ಲಿ ಬರೆದು ಕಳಿಸಿ.